ಇಪ್ಪತ್ತೊಂದಕ್ಕೇ ಮಾಜಿ ಆಟಗಾರ

ನಮ್ಮ ಮನೆಯ ಬೇಸ್‌ಮೆಂಟ್ ರೂಮಿನಲ್ಲಿ ಇದ್ದು ಹೋದ ಹುಡುಗರಲ್ಲಿ ಒಬ್ಬ ಈಗ ಅಗ್ನಿಶಾಮಕ ದಳದಲ್ಲಿದ್ದಾನೆ. ಒಬ್ಬ ಹೈಸ್ಕೂಲ್ ಮೇಷ್ಟ್ರು. ಒಬ್ಬ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಲೀಗಿನಲ್ಲಿ ಆಡಿಕೊಂಡೇ ಎಂಬಿಎ ಮುಗಿಸಿದ. ಇನ್ನೊಬ್ಬ ಅಪ್ಪನ ಜೊತೆ ಸೇರಿ ಮನೆಮನೆಯ ಫರ್ನೇಸ್ ರಿಪೇರಿ ಮಾಡುತ್ತಾನೆ. ಇಲ್ಲಿನ ಚಳಿಯಲ್ಲಿ ಡಾಕ್ಟರಿಗಿಂತ ಅವನಿಗೇ ಬೇಡಿಕೆ ಜಾಸ್ತಿ. ಟಿವಿಯಲ್ಲಿ ಕಾಣಿಸಿಕೊಂಡವನು ಒಬ್ಬನೂ ಇಲ್ಲ. ಸೂಟ್‌ಕೇಸ್ ಹಿಡಿದು ನಮ್ಮ ಬಾಗಿಲಿಗೆ ಬಂದಾಗ ಮಾತ್ರ ಎಲ್ಲರೂ ಎನ್‌ಎಚ್‌ಎಲ್, ಅಂದರೆ ಉತ್ತರ ಅಮೆರಿಕದ ಅತಿ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗಿನ ಆಟಗಾರರಾಗುವ ದಾರಿಯಲ್ಲೇ ಇದ್ದರು.

ನಾವಿರುವುದು ಕೆನಡಾದ ಕಿಚನರ್‌ನಲ್ಲಿ, ಟೊರಾಂಟೊದಿಂದ ಪಶ್ಚಿಮಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಪಕ್ಕದ ವಾಟರ್ಲೂನಲ್ಲಿ ಸಾಫ್ಟ್‌ವೇರ್ ಕಂಪನಿಗಳಿವೆ, ಅದರಿಂದಾಗಿ ಕನ್ನಡದವರೂ ಇದ್ದಾರೆ. ದಾವಣಗೆರೆಯಲ್ಲಿ ಬೆಳೆದ ನನಗೂ ಐಸ್ ಹಾಕಿಗೂ ಎತ್ತಣಿಂದೆತ್ತ ಸಂಬಂಧ! ಆದರೆ ಈ ಊರಲ್ಲಿ ಅದನ್ನು ತಪ್ಪಿಸಿಕೊಂಡು ಬದುಕುವುದು ಕಷ್ಟ. ಇಲ್ಲಿನ ಕಿಚನರ್ ರೇಂಜರ್ಸ್ ತಂಡಕ್ಕೆ ಒಬ್ಬ ಧಣಿ ಎಂಬವನಿಲ್ಲ, ಸೀಸನ್ ಟಿಕೆಟ್ ಕೊಂಡ ಊರ ಜನರೇ ಅದರ ಒಡೆಯರು. ಆಟಗಾರರಿಗೆ ಇರಲು ಮನೆ ಬೇಕೆಂದು ಪಕ್ಕದ ಮನೆಯಾಕೆ ಹೇಳಿದಾಗ ನಮ್ಮವರು ‘ಹುಡುಗರಲ್ವಾ, ಇದ್ಕೊಂಡು ಹೋಗ್ಲಿ ಬಿಡು’ ಅಂದರು. ಹಾಗೆ ನಾನು ಬಿಲೆಟ್ ತಾಯಿಯಾದೆ.

ಬಿಲೆಟ್ ಅಂದರೆ ಹೀಗೆ. ಬೇರೆ ಊರಿನ 16 ವರ್ಷದ ಹುಡುಗನನ್ನು ಕ್ಲಬ್ಬು ಆರಿಸಿಕೊಳ್ಳುತ್ತದೆ. ಅವನು ಅಪ್ಪ ಅಮ್ಮನನ್ನು ಬಿಟ್ಟು ಬಂದು ಅಪರಿಚಿತರ ಮನೆಯಲ್ಲಿ ಉಳಿದು, ಅಲ್ಲಿನ ಹೈಸ್ಕೂಲಿಗೇ ಹೋಗುತ್ತಾನೆ. ಊಟದ ಖರ್ಚಿಗೆಂದು ತಿಂಗಳಿಗಿಷ್ಟು ಹಣ ನಮಗೆ ಬರುತ್ತದೆ. ರಾತ್ರಿ ಇಷ್ಟು ಗಂಟೆಯೊಳಗೆ ಮನೆ ಸೇರಬೇಕೆಂಬ ನಿಯಮವಿದೆ, ಅದನ್ನು ಕಾಯುವ ಕೆಲಸ ನಮ್ಮದು. ಪಂದ್ಯದ ದಿನ ಮಧ್ಯಾಹ್ನ ಒಂದು ಗುಡ್ಡೆ ಪಾಸ್ತಾ, ಕೋಳಿ ಮಾಂಸ, ಆಮೇಲೆ ಎರಡು ಗಂಟೆ ನಿದ್ದೆ. ಎದ್ದವನು ಸೂಟು ಟೈ ಹಾಕಿಕೊಂಡು ಮದುವೆಮನೆಗೆ ಹೊರಟಂತೆ ಹೊರಡುತ್ತಾನೆ. ಅವನ ಆಟದ ಬ್ಯಾಗಿನ ವಾಸನೆಯ ಬಗ್ಗೆ ನಾನೇನೂ ಬರೆಯುವುದಿಲ್ಲ. ಅದಕ್ಕೆ ಗ್ಯಾರೇಜಿನಲ್ಲೇ ಜಾಗ ಅಂತ ಮೊದಲ ವಾರವೇ ತೀರ್ಮಾನವಾಗಿತ್ತು. ಕೋಳಿ ನಮ್ಮ ಅಡುಗೆಮನೆಗೆ ಹೊಸದು, ಕಲಿತೆ. ಅವರೂ ಚಿತ್ರಾನ್ನ ಕಲಿತರು. ಫರ್ನೇಸ್ ಹುಡುಗ ಈಗಲೂ ಫೋನ್ ಮಾಡಿದರೆ ಮೊದಲು ಕೇಳುವುದು ಅದನ್ನೇ.

ಇವರು ಆಡುವುದನ್ನು ಮೇಜರ್ ಜೂನಿಯರ್ ಎನ್ನುತ್ತಾರೆ. ಒಂಟಾರಿಯೋ, ಪಶ್ಚಿಮ ಪ್ರಾಂತ್ಯಗಳು, ಕ್ವಿಬೆಕ್ ಮತ್ತು ಅದರ ಪೂರ್ವದ ಪ್ರಾಂತ್ಯಗಳು, ಹೀಗೆ ಮೂರು ಲೀಗುಗಳು ಸೇರಿ ಕೆನಡಿಯನ್ ಹಾಕಿ ಲೀಗ್, ಅಂದರೆ ಸಿಎಚ್ಎಲ್. ಒಟ್ಟು 60 ಚಿಲ್ಲರೆ ತಂಡಗಳು, ಕೆಲವು ಗಡಿಯಾಚೆ ಅಮೆರಿಕದಲ್ಲೂ ಇವೆ. ಒಂಟಾರಿಯೋ ಮತ್ತು ಪಶ್ಚಿಮದ ಲೀಗುಗಳಲ್ಲಿ ಸೀಸನ್ನಿಗೆ 68 ಪಂದ್ಯ. ಅದರ ನಡುವೆ ಶಾಲೆ, ಪರೀಕ್ಷೆ, ಬಸ್ಸು. ಕೇಪ್ ಬ್ರೆಟನ್ ತಂಡ ಕೆನಡಾದ ಪೂರ್ವ ಕರಾವಳಿಯ ಸಿಡ್ನಿಯಿಂದ ಕ್ವಿಬೆಕ್‌ನ ರೂಯಿನ್-ನೊರಾಂಡಾಕ್ಕೆ ಆಡಲು ಹೋಗಬೇಕೆಂದರೆ ಎರಡು ಸಾವಿರ ಕಿಲೋಮೀಟರಿನ ಆಸುಪಾಸು. ರಾತ್ರಿಯೆಲ್ಲ ಬಸ್ಸು, ಹೊರಗೆ ಹಿಮ. 1986ರ ಡಿಸೆಂಬರ್ 30ರಂದು ಸ್ವಿಫ್ಟ್ ಕರೆಂಟ್ ತಂಡದ ಬಸ್ಸು ಉರುಳಿ ನಾಲ್ವರು ಹುಡುಗರು ಸತ್ತರು. 2018ರ ಏಪ್ರಿಲ್ 6ರಂದು, ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಲೀಗಿನ ಹಂಬೋಲ್ಟ್ ತಂಡದ ಬಸ್ಸೂ ಲಾರಿಯೂ ಡಿಕ್ಕಿಯಾಗಿ 16 ಜನ ಹೋದರು. ಆ ವಾರ ಕೆನಡಾದ ಮನೆಗಳ ಮುಂದೆ ಹಾಕಿ ಸ್ಟಿಕ್ಕುಗಳನ್ನು ಒರಗಿಸಿಟ್ಟಿದ್ದರು. ನಾವೂ ಇಟ್ಟಿದ್ದೆವು.

ಈಗ ಲೆಕ್ಕಕ್ಕೆ ಬರೋಣ. ಸಿಎಚ್ಎಲ್‌ನಲ್ಲಿ ಯಾವ ಹೊತ್ತಿಗೂ ಸಾವಿರಕ್ಕೂ ಹೆಚ್ಚು ಹುಡುಗರು ಆಡುತ್ತಿರುತ್ತಾರೆ. ಎನ್‌ಎಚ್‌ಎಲ್‌ನ 32 ತಂಡಗಳು ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟಿನಲ್ಲಿ ಏಳು ಸುತ್ತು ಸೇರಿ ಆರಿಸಿಕೊಳ್ಳುವುದು 224 ಜನರನ್ನು. ಅದರಲ್ಲಿ ಸ್ವೀಡನ್, ಫಿನ್ಲೆಂಡ್, ರಷ್ಯಾ, ಅಮೆರಿಕದ ಹುಡುಗರಿಗೂ ಪಾಲು. ಆಯ್ಕೆಯಾದ ಮಾತ್ರಕ್ಕೆ ಐಸ್ ಮೇಲೆ ಕಾಲಿಡುತ್ತಾರೆಂದೂ ಇಲ್ಲ.

ವಯಸ್ಸಿನ ಕತ್ತರಿ ಇದಕ್ಕಿಂತ ಹರಿತ. ಮೇಜರ್ ಜೂನಿಯರ್ ಆಡಲು 20 ಕೊನೆಯ ವಯಸ್ಸು, ಅದರಲ್ಲೂ ಒಂದು ತಂಡದಲ್ಲಿ ಮೂವರು ಇಪ್ಪತ್ತರವರಿಗೆ ಮಾತ್ರ ಜಾಗ. ಕೊನೆಯ ಸೀಸನ್ ಶುರುವಾಗುವಾಗ ನಾಲ್ವರು ಇದ್ದರೆ ಒಬ್ಬ ಹೊರಡಲೇಬೇಕು. ಮೇಷ್ಟ್ರಾದವನು ನಮ್ಮಲ್ಲಿಂದ ಹೊರಟದ್ದು ಅದಕ್ಕೂ ಮೊದಲು, ಒಂದು ಜನವರಿಯಲ್ಲಿ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು ಆ ತಿಂಗಳು ಹತ್ತರ ಸುಮಾರಿಗೆ ಮುಗಿಯುತ್ತದೆ. ಶಾಲೆಯಿಂದ ನಡುಹೊತ್ತಿನಲ್ಲಿ ಬಂದವನೇ ‘ನನ್ನನ್ನು ಸಡ್‌ಬರಿಗೆ ಕೊಟ್ಟರು’ ಅಂದ. ಹೆಣ್ಣು ಕೊಟ್ಟರು ಎಂಬಂತೆ ಕೇಳಿಸಿತು ನನಗೆ. ಡ್ರೈಯರ್‌ನಲ್ಲಿದ್ದ ಬಟ್ಟೆಗಳನ್ನು ಒದ್ದೆಯಾಗಿಯೇ ಕವರಿಗೆ ತುಂಬಿಕೊಂಡ. ಕೆಮಿಸ್ಟ್ರಿ ಪುಸ್ತಕ ಶಾಲೆಯದ್ದು, ನಾನೇ ಹಿಂದಿರುಗಿಸುತ್ತೇನೆಂದೆ. ನನ್ನ ಮಗಳು ರೂಮಿನಿಂದ ಹೊರಗೇ ಬರಲಿಲ್ಲ. ಸಂಜೆಯೊಳಗೆ ಹೊರಟು, ನಾಲ್ಕೂವರೆ ಗಂಟೆಯಾಚೆಯ ಊರಲ್ಲಿ ಇನ್ನೊಬ್ಬಾಕೆಯ ಬೇಸ್‌ಮೆಂಟ್ ಸೇರಿದ್ದ. ಅವನಿಗೆ ಆಗ 18.

ಇಷ್ಟಕ್ಕೆಲ್ಲ ಸಂಬಳ ಎಷ್ಟು? ಬಹಳ ವರ್ಷ ವಾರಕ್ಕೆ ಐವತ್ತು ಡಾಲರಿನ ಆಸುಪಾಸು, ಅದೂ ಕೈಖರ್ಚಿನ ಹೆಸರಲ್ಲಿ. 2014ರಲ್ಲಿ ಮಾಜಿ ಆಟಗಾರರು ಕನಿಷ್ಠ ವೇತನ ಕೊಡಿ ಎಂದು ಕೋರ್ಟಿಗೆ ಹೋದರು. ಇವರು ನೌಕರರಲ್ಲ, ವಿದ್ಯಾರ್ಥಿ ಆಟಗಾರರು ಎಂದು ಲೀಗುಗಳು ವಾದಿಸಿದವು. ಪ್ರಾಂತ್ಯ ಸರ್ಕಾರಗಳು ಒಂದೊಂದಾಗಿ ಕಾನೂನು ತಿದ್ದಿ ಆಟಗಾರರನ್ನು ಕನಿಷ್ಠ ವೇತನದ ಲೆಕ್ಕದಿಂದ ಹೊರಗಿಟ್ಟವು. ನಮ್ಮ ಒಂಟಾರಿಯೋ 2018ರಲ್ಲಿ. ಸಾವಿರಾರು ಜನ ಟಿಕೆಟ್ ಕೊಂಡು ನೋಡುವ ಆಟದಲ್ಲಿ ಪಾಪ್‌ಕಾರ್ನ್ ಮಾರುವ ಹುಡುಗನಿಗೆ ಕನಿಷ್ಠ ವೇತನವಿದೆ, ಗೋಲ್ ಹೊಡೆಯುವವನಿಗೆ ಇಲ್ಲ. ಅದು ಸರಿ ಎಂದು ನನಗೆ ಯಾವತ್ತೂ ಅನಿಸಿಲ್ಲ.

ಲೀಗುಗಳು ಇದಕ್ಕೆ ಕೊಡುವ ಉತ್ತರ ಸ್ಕಾಲರ್‌ಶಿಪ್, ಆ ಉತ್ತರದಲ್ಲಿ ಹುರುಳಿದೆ. ಒಂದು ಸೀಸನ್ ಆಡಿದರೆ ಒಂದು ವರ್ಷದ ಕಾಲೇಜು ಫೀಸು ಮತ್ತು ಪುಸ್ತಕದ ಖರ್ಚು. ಪಶ್ಚಿಮದ ಲೀಗಿನಲ್ಲಿ ಇದು 1993ರಿಂದ ಇದೆ. ನಾಲ್ಕು ಸೀಸನ್ ಆಡಿದವನಿಗೆ ಒಂದು ಡಿಗ್ರಿ ಪುಕ್ಕಟೆ. ಗಡುವೂ ಇದೆ: ಜೂನಿಯರ್ ಮುಗಿದ ಮೇಲೆ ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಕಾಲೇಜು ಸೇರಬೇಕು. ಎನ್‌ಎಚ್‌ಎಲ್ ತಂಡದ ಜೊತೆ ಕರಾರು ಮಾಡಿಕೊಂಡರೆ ಅಥವಾ ಕೆಳಗಿನ ವೃತ್ತಿಪರ ಲೀಗುಗಳಲ್ಲೇ ವರ್ಷಗಟ್ಟಲೆ ಉಳಿದರೆ ಹಣ ಕೈತಪ್ಪುತ್ತದೆ.

ನನ್ನ ಅಡುಗೆಮನೆಯ ಮೇಜಿನ ಮೇಲೆ ಅತಿ ಹೆಚ್ಚು ಚರ್ಚೆಯಾದ ವಿಷಯ ಇದೇ. ಇಪ್ಪತ್ತು ಮುಗಿದ ಹುಡುಗನ ಎದುರು ಎರಡು ಕಾಗದ. ಒಂದರಲ್ಲಿ ಇಸಿಎಚ್ಎಲ್ ತಂಡದ ಕರೆ. ಅದು ಎನ್‌ಎಚ್‌ಎಲ್‌ನಿಂದ ಎರಡು ಮೆಟ್ಟಿಲು ಕೆಳಗೆ, ವಾರಕ್ಕೆ ಕೆಲವು ನೂರು ಡಾಲರ್, ಅಮೆರಿಕದ ಯಾವುದೋ ಸಣ್ಣ ಊರು, ಆದರೆ ‘ವೃತ್ತಿಪರ ಆಟಗಾರ’ ಎಂಬ ಹೆಸರು. ಇನ್ನೊಂದು ಕಾಗದದಲ್ಲಿ ವಿಶ್ವವಿದ್ಯಾಲಯದ ಅರ್ಜಿ. ಐದನೇ ವಯಸ್ಸಿನಿಂದ ಬೆಳಗಿನ ಜಾವ ಐದಕ್ಕೆ ಎದ್ದು ರಿಂಕಿಗೆ ಹೋದವನಿಗೆ ಅರ್ಜಿ ತುಂಬುವುದೆಂದರೆ ಸೋಲೊಪ್ಪಿದಂತೆ. ಫರ್ನೇಸ್ ಹುಡುಗ ಮೊದಲ ಕಾಗದ ಹಿಡಿದ. ಮೊಣಕಾಲು ಹೋಯಿತು, ಗಡುವೂ ಹೋಯಿತು. ‘ಸುಮ್ನೆ ಓದೋಕೆ ಹೋಗೋ’ ಎಂದು ನಮ್ಮವರು ಕನ್ನಡದಲ್ಲೇ ಬೈದಿದ್ದು ಅವನಿಗೆ ಅರ್ಥವಾಗಿತ್ತಂತೆ.

ಓದಲು ಹೋದವರ ಆಟ ನಿಲ್ಲುವುದಿಲ್ಲ, ಇದು ಹೊರಗಿನವರಿಗೆ ಗೊತ್ತಿರದ ಸಂಗತಿ. ಕೆನಡಾದ ವಿಶ್ವವಿದ್ಯಾಲಯ ತಂಡಗಳು ತುಂಬಿರುವುದೇ ಮಾಜಿ ಜೂನಿಯರ್‌ಗಳಿಂದ. ಫ್ರೆಡೆರಿಕ್ಟನ್‌ನ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯ 2023-24ರಲ್ಲಿ 43 ಪಂದ್ಯಗಳನ್ನು ಆಡಿ 43ನ್ನೂ ಗೆದ್ದಿತು. ಆ ತಂಡದವರನ್ನು ಕ್ಲಾಸಿನಲ್ಲಿ ಗುರುತು ಹಿಡಿಯುವುದು ಸುಲಭ: ಮೊದಲ ವರ್ಷದಲ್ಲೇ 21 ವಯಸ್ಸು, ಮುಂದಿನ ಹಲ್ಲು ಕಟ್ಟಿಸಿದ್ದು.

ಆ ದಾರಿಯಿಂದ ಮೇಲಕ್ಕೆ ಹೋದವರೂ ಇದ್ದಾರೆ. ಜೋಯಲ್ ವಾರ್ಡ್ ಎಂಬ ಟೊರಾಂಟೊ ಹುಡುಗ, ಬಾರ್ಬಡೋಸ್‌ನಿಂದ ಬಂದ ದಂಪತಿಯ ಮಗ. ಓವೆನ್ ಸೌಂಡ್‌ನಲ್ಲಿ ಜೂನಿಯರ್ ಆಡಿದ, ಡ್ರಾಫ್ಟಿನಲ್ಲಿ ಯಾರೂ ಕೇಳಲಿಲ್ಲ. ಪ್ರಿನ್ಸ್ ಎಡ್ವರ್ಡ್ ದ್ವೀಪದ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ ಆಡಿದ ಮೇಲೆ ಕೆಳಗಿನ ಲೀಗಿನಿಂದ ಮತ್ತೆ ಹತ್ತಿ ಎನ್‌ಎಚ್‌ಎಲ್‌ನಲ್ಲಿ 726 ಪಂದ್ಯ ಆಡಿದ, ಈಗ ಕೋಚ್. ಹುಡುಗರ ತಾಯಂದಿರಿಗೆ ಈ ಕಥೆ ಹೇಳುವಾಗ ಇಂಥವರು ಬೆರಳೆಣಿಕೆಯಷ್ಟು ಎಂಬುದನ್ನೂ ಸೇರಿಸುತ್ತೇನೆ.

ನಮ್ಮೂರಿನವರು ಹೇಳಿಕೊಳ್ಳುವುದು ಪೀಟರ್ ಡೆಬೋರ್ ಹೆಸರನ್ನು. ವಿಂಡ್ಸರ್‌ನಲ್ಲಿ ಜೂನಿಯರ್ ಆಡಿ, ಎನ್‌ಎಚ್‌ಎಲ್ ತಲುಪದೆ, ಕಾನೂನು ಓದಿ, ಕೊನೆಗೆ ಕೋಚ್ ಆದ ಮನುಷ್ಯ. 2003ರಲ್ಲಿ ಕಿಚನರ್‌ಗೆ ಮೆಮೋರಿಯಲ್ ಕಪ್ ತಂದದ್ದು ಅವನ ಕಾಲದಲ್ಲಿ. ಜೂನಿಯರ್ ಹಾಕಿಗೆ ಅದಕ್ಕಿಂತ ದೊಡ್ಡ ಕಪ್ ಇಲ್ಲ, 1919ರಿಂದ ನಡೆಯುತ್ತಿದೆ. ಆಟಗಾರನಾಗಿ ಸಿಗದ ಎನ್‌ಎಚ್‌ಎಲ್ ಕೋಚ್ ಆಗಿ ಸಿಕ್ಕಿತು, ಎರಡು ಬೇರೆ ತಂಡಗಳನ್ನು ಆ ಲೀಗಿನ ಸ್ಟ್ಯಾನ್ಲಿ ಕಪ್ ಫೈನಲಿಗೆ ಒಯ್ದ.

ನನಗೆ ಅಚ್ಚುಮೆಚ್ಚು ಟೆರಿ ರಯಾನ್. ನ್ಯೂಫೌಂಡ್‌ಲ್ಯಾಂಡಿನವನು. 1995ರ ಡ್ರಾಫ್ಟಿನಲ್ಲಿ ಇಡೀ ಜಗತ್ತಿನ ಹುಡುಗರಲ್ಲಿ ಎಂಟನೆಯವನಾಗಿ ಮಾಂಟ್ರಿಯಲ್ ಅವನನ್ನು ಆರಿಸಿತು. ಎನ್‌ಎಚ್‌ಎಲ್‌ನಲ್ಲಿ ಅವನು ಆಡಿದ್ದೂ ಎಂಟೇ ಪಂದ್ಯ. ಕಾಲಿನ ಪೆಟ್ಟು ಅಡ್ಡ ಬಂತು. ಆಮೇಲೆ ಜಾನಪದ ಓದಿದ, ತನ್ನನ್ನೇ ಗೇಲಿ ಮಾಡಿಕೊಂಡು 2014ರಲ್ಲಿ ಒಂದು ಪುಸ್ತಕ ಬರೆದ, ಸಿನಿಮಾ ಸೆಟ್ಟುಗಳಲ್ಲಿ ಕೆಲಸ ಮಾಡಿದ, ‘ಶೋರ್ಸಿ’ ಎಂಬ ಹಾಕಿ ಧಾರಾವಾಹಿಯಲ್ಲಿ ನಟನಾದ. 2024ರ ಜನವರಿಯಲ್ಲಿ ಊರಿನ ಇಸಿಎಚ್ಎಲ್ ತಂಡಕ್ಕೆ ಆಟಗಾರರು ಸಾಲದೆ ಹೋದಾಗ 47ನೇ ವಯಸ್ಸಿನಲ್ಲಿ ಸ್ಕೇಟ್ ಕಟ್ಟಿಕೊಂಡು ಇಳಿದು, ಆ ಪಂದ್ಯದಲ್ಲೇ ಒಂದು ಜಗಳವನ್ನೂ ಆಡಿದ. ಜಾನಪದ ಓದಿದ್ದಕ್ಕೆ ಸಾರ್ಥಕ.

ಭಾರತೀಯ ಹೆಸರುಗಳೂ ಇವೆ, ಹೆಚ್ಚಿನವು ಪಂಜಾಬಿನ ಮೂಲದವು. ಬ್ರಿಟಿಷ್ ಕೊಲಂಬಿಯಾದ ರಾಬಿನ್ ಬಾವಾ ಕ್ಯಾಮ್ಲೂಪ್ಸ್‌ನಲ್ಲಿ ಜೂನಿಯರ್ ಆಡಿ, 1989ರಲ್ಲಿ ಎನ್‌ಎಚ್‌ಎಲ್ ಆಡಿದ ಮೊದಲ ಭಾರತೀಯ ಮೂಲದವನಾದ. ನಮ್ಮ ನೆರೆಯ ಗೆಲ್ಫ್‌ನಲ್ಲಿ ಆಡಿ ಬೆಳೆದ ಮ್ಯಾನಿ ಮಲ್ಹೋತ್ರಾ 991 ಎನ್‌ಎಚ್‌ಎಲ್ ಪಂದ್ಯಗಳ ಸರದಾರ. 2011ರಲ್ಲಿ ಪಕ್ (ಈ ಆಟದ ರಬ್ಬರ್ ಬಿಲ್ಲೆ) ಬಡಿದು ಒಂದು ಕಣ್ಣಿಗೆ ಭಾರಿ ಪೆಟ್ಟಾಯಿತು. ಆಟ ಬಿಟ್ಟ ಮೇಲೆ ಕೋಚ್ ಆಗಿ, 2025ರಲ್ಲಿ ಅಬಾಟ್ಸ್‌ಫರ್ಡ್ ತಂಡಕ್ಕೆ ಕಾಲ್ಡರ್ ಕಪ್ ಗೆದ್ದುಕೊಟ್ಟ. ಎನ್‌ಎಚ್‌ಎಲ್‌ಗೆ ಒಂದೇ ಮೆಟ್ಟಿಲು ಕೆಳಗಿನ ಲೀಗಿನ ಕಪ್ ಅದು. ಆ ತಂಡದಲ್ಲಿ ಸರ‍್ರೆಯ ಅರ್ಶ್‌ದೀಪ್ ಬೈನ್ಸ್ ಕೂಡ ಇದ್ದ; 2021-22ರಲ್ಲಿ ಪಶ್ಚಿಮದ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿದ ಲೆಕ್ಕ) ಗಳಿಸಿದವನು, ಆದರೂ ಡ್ರಾಫ್ಟಿನಲ್ಲಿ ಬಿಟ್ಟುಹೋದವನು.

ಈ ಆಟದಲ್ಲಿ ಮುಷ್ಟಿಯುದ್ಧಕ್ಕೆಂದೇ ತಂಡ ಸೇರಿದವರೂ ಇದ್ದಾರೆ, ಅವರ ದಾರಿ ಬೇರೆ. ಡೆರೆಕ್ ಬೂಗಾರ್ಡ್ ಜೂನಿಯರ್ ಕಾಲದಿಂದಲೇ ಹೊಡೆದಾಟದವನೆಂದು ಹೆಸರಾಗಿ ಎನ್‌ಎಚ್‌ಎಲ್ ತಲುಪಿ, 2011ರಲ್ಲಿ 28ನೇ ವಯಸ್ಸಿಗೆ ಸತ್ತ. ಪದೇಪದೇ ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳು ಕೆಡುವ ಕಾಯಿಲೆ ಅವನಿಗಿತ್ತೆಂದು ಆಮೇಲೆ ತಿಳಿಯಿತು. ಹುಡುಗರು ಪೆಟ್ಟು ತಿಂದು ಬಂದ ರಾತ್ರಿ ‘ಏನಿಲ್ಲ, ತಲೆ ಸ್ವಲ್ಪ ಭಾರ’ ಅಂದರೆ ನಾನು ಟ್ರೈನರ್‌ಗೆ ಫೋನ್ ಮಾಡಿಯೇ ಮಲಗುವುದು. ಚಾಡಿಕೋರಿ ಎಂಬ ಹೆಸರು ಬಂದಿದೆ, ಬರಲಿ.

ಹೆಚ್ಚಿನವರ ಬದುಕು ಪತ್ರಿಕೆಗೆ ಬರುವಂಥದ್ದಲ್ಲ. ಬೆಂಕಿ ನಂದಿಸುವವರು, ಪೊಲೀಸರು, ಎಲೆಕ್ಟ್ರೀಷಿಯನ್ನರು, ವಿಮೆ ಮಾರುವವರು, ಫಿಸಿಯೋಗಳು. ರೆಫರಿಯಾಗುವ ದಾರಿಯೂ ಇದೆ. ಮಾಜಿ ಆಟಗಾರರನ್ನು ಆ ಕೆಲಸಕ್ಕೆ ಸೆಳೆಯಲೆಂದೇ ಎನ್‌ಎಚ್‌ಎಲ್ 2014ರಿಂದ ಶಿಬಿರ ನಡೆಸುತ್ತಿದೆ. ಅಗ್ನಿಶಾಮಕ ದಳದ ನಮ್ಮ ಹುಡುಗನನ್ನು ಯಾಕಪ್ಪ ಆ ಕೆಲಸ ಎಂದು ಕೇಳಿದ್ದೆ. ‘ಅಲ್ಲೂ ಒಂದು ಲಾಕರ್ ರೂಮ್ ಇದೆ’ ಅಂದ. ಹದಿನೈದು ವರ್ಷ ಇಪ್ಪತ್ತು ಜನರ ಜೊತೆ ಬಟ್ಟೆ ಬದಲಿಸಿ, ತಮಾಷೆ ಮಾಡಿ ಬೆಳೆದವನಿಗೆ ಒಬ್ಬನೇ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಹಿಡಿಸಲಿಲ್ಲ, ಎರಡು ಬಿಟ್ಟು ಬಂದಿದ್ದ.

ಈಗ ನಿಯಮವೇ ಬದಲಾಗಿದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ, ಸಿಎಚ್ಎಲ್ ಹುಡುಗರನ್ನು ದಶಕಗಳ ಕಾಲ ವೃತ್ತಿಪರರೆಂದೇ ಎಣಿಸಿ ದೂರವಿಟ್ಟಿತ್ತು. ಕನಿಷ್ಠ ವೇತನ ಕೇಳಿದರೆ ವಿದ್ಯಾರ್ಥಿ, ಅಮೆರಿಕದಲ್ಲಿ ಓದುತ್ತೇನೆಂದರೆ ವೃತ್ತಿಪರ! 16ನೇ ವಯಸ್ಸಿನಲ್ಲಿ ಎರಡು ಪ್ರದರ್ಶನ ಪಂದ್ಯ ಆಡಿದ್ದಕ್ಕೇ ಬಾಗಿಲು ಮುಚ್ಚಿಸಿಕೊಂಡ ಒಬ್ಬ ಹುಡುಗ 2024ರಲ್ಲಿ ಬಫಲೋದ ಕೋರ್ಟಿಗೆ ಹೋದ. ಅದೇ ನವೆಂಬರಿನಲ್ಲಿ ಎನ್‌ಸಿಎಎ ತನ್ನ ನಿಯಮ ಬದಲಿಸಿತು, 2025ರ ಆಗಸ್ಟ್ 1ರಿಂದ ಜಾರಿಗೆ ಬಂತು. ಮೆಡಿಸಿನ್ ಹ್ಯಾಟ್ ತಂಡದಲ್ಲಿ 56 ಪಂದ್ಯಗಳಿಂದ 129 ಪಾಯಿಂಟ್ ಗಳಿಸಿದ್ದ ಗ್ಯಾವಿನ್ ಮೆಕೆನ್ನಾ ನೇರ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟ. ಅವನಂಥವರಿಗೆ ಎಲ್ಲಿ ಹೋದರೂ ನಡೆಯುತ್ತದೆ. ಡ್ರಾಫ್ಟಿನಲ್ಲಿ ಹೆಸರು ಬಾರದ, ಮೂರನೇ ಸಾಲಿನಲ್ಲಿ ಆಡುವ ಹುಡುಗನಿಗೇ ಇದು ಹೆಚ್ಚಿನ ಲಾಭ ಎಂದು ನನ್ನ ಲೆಕ್ಕ: ಇಪ್ಪತ್ತಕ್ಕೆ ಮುಗಿಯುತ್ತಿದ್ದ ಗಡಿಯಾರಕ್ಕೆ ನಾಲ್ಕು ವರ್ಷ ಸೇರಿಸಿದ ಹಾಗೆ. ಕೆನಡಾದ ವಿಶ್ವವಿದ್ಯಾಲಯ ತಂಡಗಳಿಗೆ ಒಳ್ಳೆಯ ಆಟಗಾರರು ಇನ್ನು ಕಡಿಮೆಯಾಗಬಹುದು, ಅದು ಬೇರೆ ಮಾತು.

ಈ ಸಲ ಬಂದಿರುವವನಿಗೆ 17. ಅವನನ್ನು ಬಿಡಲು ಬಂದ ತಾಯಿ ರೂಮು, ಊಟ, ಶಾಲೆ ಯಾವುದನ್ನೂ ವಿಚಾರಿಸಲಿಲ್ಲ. ಕೆನಡಾದ ಸ್ಕಾಲರ್‌ಶಿಪ್ ಹಿಡಿಯುವುದೋ, ಅಮೆರಿಕದ ಕಾಲೇಜು ಕರೆದರೆ ಅತ್ತ ಹೋಗುವುದೋ ಎಂದು ಬಾಗಿಲಲ್ಲೇ ಶುರುಮಾಡಿದರು. ಹುಡುಗ ಮುಜುಗರದಿಂದ ಬ್ಯಾಗ್ ಎತ್ತಿಕೊಂಡು ಒಳಗೆ ಹೊರಟಿದ್ದ. ಅದು ಗ್ಯಾರೇಜಿಗೆ ಎಂದು ಅವನಿಗೆ ಹೇಳಿ, ಕ್ಲಬ್ಬಿನ ಶಿಕ್ಷಣ ಸಲಹೆಗಾರರ ನಂಬರನ್ನು ಆ ತಾಯಿಗೆ ಬರೆದುಕೊಟ್ಟೆ.