ಬಿಲ್ಲೆ ಗಿರಾಕಿಯ ಕೈಯಲ್ಲಿ, ಖಾತೆ ನಮ್ಮ ಕೈಯಲ್ಲಿ

ಸೊಲ್ಲಾಪುರದ ನಮ್ಮ ಚಾದರದ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಹಳಬರೇ ಹೆಚ್ಚು. ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಹೆಸರು, ಊರು, ಉದ್ರಿ ಬಾಕಿ ಎಲ್ಲವೂ ಮುನೀಮರ ನೆನಪಿಗೆ ಬಂದಿರುತ್ತದೆ. ಇಂಟರ್‌ನೆಟ್ಟಿನಲ್ಲಿ ಅಂಗಡಿ ತೆರೆದಾಗ ನಮಗೆ ಮೊದಲು ಎದುರಾದದ್ದು ಈ ಗುರುತಿನ ತೊಡಕೇ.

ಗಿರಾಕಿಯ ಕಂಪ್ಯೂಟರಿನಲ್ಲಿರುವ ಬ್ರೌಸರು ಒಂದು ಪುಟ ಕೇಳುತ್ತದೆ, ನಮ್ಮ ಸರ್ವರು ಕೊಡುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಅದೇ ಗಿರಾಕಿ ಮರುಕ್ಷಣ ಇನ್ನೊಂದು ಪುಟ ಕೇಳಿದರೂ ಸರ್ವರಿಗೆ ಅವನು ಹೊಸಬ. ಎಚ್‌ಟಿಟಿಪಿ ಎಂಬ ನಿಯಮದ ಸ್ವಭಾವವೇ ಹಾಗೆ; ಅದಕ್ಕೆ ನೆನಪಿಲ್ಲ. ಹೀಗಾದರೆ ಎರಡು ಚಾದರ ಆರಿಸಿದವನು ಹಣ ಕೊಡಲು ಬಂದಾಗ ಏನು ಆರಿಸಿದ್ದನೆಂಬುದೇ ಅಂಗಡಿಗೆ ತಿಳಿಯುವುದಿಲ್ಲ.

ಇದಕ್ಕೆ ಉಪಾಯ ಹುಡುಕಿದವರು ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ. ಅದು 1994ನೆಯ ಇಸವಿ. ಎಂಸಿಐ ಎಂಬ ದೂರಸಂಪರ್ಕ ಕಂಪನಿಗಾಗಿ ವ್ಯಾಪಾರದ ತಂತ್ರಾಂಶ ತಯಾರಾಗುತ್ತಿತ್ತು. ಅರ್ಧಕ್ಕೆ ನಿಂತ ಖರೀದಿಯ ವಿವರವನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವುದು ಆ ಕಂಪನಿಗೆ ಬೇಡವಾಗಿತ್ತು. ಹಾಗಾದರೆ ಒಂದು ಚಿಕ್ಕ ಟಿಪ್ಪಣಿಯನ್ನು ಗಿರಾಕಿಯ ಬ್ರೌಸರಿನಲ್ಲೇ ಇಟ್ಟರಾಯಿತು ಎಂದು ಮೊಂಟುಲ್ಲಿ ಯೋಚಿಸಿದರು. ಕಂಪ್ಯೂಟರಿನವರು ಮೊದಲೇ ಬಳಸುತ್ತಿದ್ದ ‘ಮ್ಯಾಜಿಕ್ ಕುಕೀ’ ಎಂಬ ಮಾತಿನಿಂದ ಇದಕ್ಕೆ ‘ಕುಕೀ’ ಎಂಬ ಹೆಸರು ಬಂತು.

ಕೆಲಸ ಸರಳ. ಸರ್ವರು ಪುಟದ ಜೊತೆಗೆ ‘ಸೆಟ್-ಕುಕೀ’ ಎಂಬ ಒಂದು ಸಾಲು ಕಳಿಸುತ್ತದೆ. ಬ್ರೌಸರು ಅದನ್ನು ಕಾದಿಟ್ಟು, ಮುಂದೆ ಅದೇ ಅಂಗಡಿಗೆ ಹೋದಾಗಲೆಲ್ಲ ತೋರಿಸುತ್ತದೆ. ಜಾತ್ರೆಯಲ್ಲಿ ಚಪ್ಪಲಿ ಕಾಯುವವನು ಕೊಡುವ ಬಿಲ್ಲೆಯಂತೆ ಎಂದರೆ ವಾಚಕರಿಗೆ ಬೇಗ ತಿಳಿದೀತು.

ನಾವು ಕಲಿತ ಪಾಠ

ನಮ್ಮ ಅಂಗಡಿಯ ಪುಟಗಳನ್ನು ಬರೆದವನು ನಮ್ಮ ಮಗನೇ. ಕಂಪ್ಯೂಟರ್ ಕಲಿತ ಹುಡುಗ, ಹೊರಗಿನವರಿಗೆ ಯಾಕೆ ಹಣ ಕೊಡಬೇಕೆಂದು ತಾನೇ ಕುಳಿತು ಮಾಡಿದ. ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ದೀಪಾವಳಿಗೆ ಮುಂಚೆ ಬ್ಯಾಂಕಿನ ಜಮೆಯನ್ನೂ ಕಿರ್ದಿಯನ್ನೂ ತಾಳೆ ನೋಡುವಾಗ ಒಂದು ಲೆಕ್ಕ ಕೂಡಲಿಲ್ಲ. 900 ರೂಪಾಯಿಯ ಚಾದರ ಎರಡು ಹೋಗಿವೆ, ಜಮೆಯಾದದ್ದು 180 ರೂಪಾಯಿ! ಫೋನು ಮಾಡಿದರೆ ಉತ್ತರವಿಲ್ಲ. ಮಾಲು ಆಗಲೇ ಕೈಬಿಟ್ಟಿತ್ತು. ನಷ್ಟ 1,620 ರೂಪಾಯಿ.

ಮಗ ರಾತ್ರಿಯೆಲ್ಲ ಹುಡುಕಿ ಬೆಳಗ್ಗೆ ತಲೆ ತಗ್ಗಿಸಿ ಬಂದ. “ಅಪ್ಪಾರ, ದರ ಬರದ ಚೀಟಿ ಅವರ ಕೈಯಾಗ ಕೊಟ್ಟುಬಿಟ್ಟಿದ್ದೆ” ಎಂದ. ಅವನು ಕುಕೀಯಲ್ಲಿ ಮಾಲಿನ ಹೆಸರಿನೊಡನೆ ದರವನ್ನೂ ಬರೆದಿದ್ದ. ಕುಕೀ ಇರುವುದು ಗಿರಾಕಿಯ ಯಂತ್ರದಲ್ಲಿ. ಬಲ್ಲವನು ಅದನ್ನು ತೆರೆದು ತಿದ್ದಬಹುದು. ಯಾರೋ 900ರ ಒಂದು ಸೊನ್ನೆ ಅಳಿಸಿದ್ದರು, ನಮ್ಮ ಸರ್ವರು ಅದನ್ನೇ ನಂಬಿ ಹಣ ಕೇಳಿತ್ತು.

ನಾವು ಸಿಟ್ಟು ಮಾಡಲಿಲ್ಲ. “ನಮ್ಮ ಖಾತೆ ಕಿರ್ದಿಯನ್ನು ಎಂದಾದರೂ ಗಿರಾಕಿಯ ಮನೆಯಲ್ಲಿ ಇಟ್ಟಿದ್ದೇವೇನಪ್ಪಾ?” ಎಂದಷ್ಟೇ ಕೇಳಿದೆವು. ಅವನಿಗೆ ಅರ್ಥವಾಯಿತು.

ಈಗಿನ ವ್ಯವಸ್ಥೆ

ಈಗ ನಮ್ಮ ಕುಕೀಯಲ್ಲಿರುವುದು ಒಂದು ಸಂಕೇತ ಮಾತ್ರ. ಮಾಲು, ದರ, ವಿಳಾಸ ಎಲ್ಲವೂ ನಮ್ಮ ಸರ್ವರಿನ ಖಾತೆಯಲ್ಲಿವೆ. ಆ ಸಂಕೇತವೂ 41, 42 ಎಂದು ಸಾಲಾಗಿರಕೂಡದು. ಹಾಗಿದ್ದರೆ 41ನ್ನು 42 ಎಂದು ತಿದ್ದಿ ಇನ್ನೊಬ್ಬರ ಖಾತೆ ತೆರೆಯಬಹುದು. ಯಾರೂ ಊಹಿಸಲಾಗದಷ್ಟು ಉದ್ದನೆಯದಾಗಿರಬೇಕು. ಗಿರಾಕಿ ಲಾಗಿನ್ ಆದೊಡನೆ ಬದಲಾಗಬೇಕು. ಲಾಗೌಟ್ ಆದೊಡನೆ ಸರ್ವರಿನಲ್ಲೂ ರದ್ದಾಗಬೇಕು.

ಬಿಲ್ಲೆ ಕಳುವಾಗದಂತೆ ಮೂರು ಬೀಗಗಳಿವೆ. ‘ಸೆಕ್ಯೂರ್’ ಎಂದು ಬರೆದರೆ ಕುಕೀ ಗುಪ್ತಲಿಪಿಯ ಎಚ್‌ಟಿಟಿಪಿಎಸ್ ದಾರಿಯಲ್ಲಿ ಮಾತ್ರ ಓಡಾಡುತ್ತದೆ. ‘ಎಚ್‌ಟಿಟಿಪಿ-ಓನ್ಲಿ’ ಎಂದರೆ ಪುಟದೊಳಗೆ ನುಸುಳಿದ ಕಳ್ಳ ಜಾವಾಸ್ಕ್ರಿಪ್ಟು ಅದನ್ನು ಓದಲಾರದು. ‘ಸೇಮ್‌ಸೈಟ್’ ಎಂಬುದು ಬೇರೆ ತಾಣದವರು ನಮ್ಮ ಗಿರಾಕಿಯ ಬ್ರೌಸರಿನಿಂದ ಅವನಿಗೆ ತಿಳಿಯದಂತೆ ಆರ್ಡರು ಕಳಿಸುವುದನ್ನು ತಡೆಯಲು ನೆರವಾಗುತ್ತದೆ. ಜೊತೆಗೆ ಕುಕೀ ಎಷ್ಟು ದಿನ ಬಾಳಬೇಕೆಂಬ ಅವಧಿಯನ್ನೂ ಬರೆಯಬಹುದು.

ಇನ್ನೊಂದು ಮುಖ

ಇದೇ ಬಿಲ್ಲೆಯಿಂದ ಜನರ ಬೆನ್ನು ಹತ್ತುವವರೂ ಇದ್ದಾರೆ. ನಾವು ನೋಡುವ ಪುಟದಲ್ಲಿ ಜಾಹೀರಾತು ಹಾಕುವ ಹೊರಗಿನ ಕಂಪನಿ ತನ್ನದೊಂದು ಕುಕೀ ಇಟ್ಟು, ನಾವು ಎಲ್ಲೆಲ್ಲಿ ಹೋದೆವೆಂದು ಬರೆದುಕೊಳ್ಳುತ್ತದೆ. ಆಪಲ್ ಕಂಪನಿಯ ಸಫಾರಿ ಬ್ರೌಸರು ಇಂತಹ ಹೊರಗಿನವರ ಕುಕೀಗಳನ್ನು 2020ರಲ್ಲಿ ಪೂರ್ತಿ ತಡೆಯಿತು. ಗೂಗಲ್ ತನ್ನ ಕ್ರೋಮಿನಲ್ಲಿ ತಡೆಯುವುದಾಗಿ ಹೇಳಿ 2024ರಲ್ಲಿ ಹಿಂದೆ ಸರಿಯಿತು. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಗಿರಾಕಿಯ ಒಪ್ಪಿಗೆಗೆ ಅದರಲ್ಲಿ ದೊಡ್ಡ ಸ್ಥಾನವಿದೆ. ಗುರುತಿಗೆ ಬೇಕಾದಷ್ಟೇ ಇಟ್ಟುಕೊಳ್ಳುವ ವ್ಯಾಪಾರಿಗೆ ತಲೆನೋವು ಕಡಿಮೆ.

ಅಂಗಡಿಯನ್ನು ಕಂಪ್ಯೂಟರಿಗೆ ಏರಿಸುವ ಕುಟುಂಬಗಳು, ಪುಟ ಬರೆದವನು ಮನೆಯ ಮಗನಿರಲಿ, ಹೊರಗಿನವನಿರಲಿ, “ಕುಕೀಯಲ್ಲಿ ಏನು ಬರೆದಿದ್ದೀಯಪ್ಪಾ?” ಎಂದು ಒಮ್ಮೆ ಕೇಳಿಕೊಳ್ಳಲಿ. ನಾವು ಕೇಳದೆ ಹೋದದ್ದಕ್ಕೆ 1,620 ರೂಪಾಯಿ ಕೊಟ್ಟೆವು. ಆ ಮೊತ್ತವನ್ನು ಮುನೀಮರು ಕಿರ್ದಿಯಲ್ಲಿ ‘ಮಗನ ಶಿಕ್ಷಣ ಖರ್ಚು’ ಎಂದು ಬರೆದು ಲೆಕ್ಕ ಕೂಡಿಸಿದ್ದಾರೆ.