ನಗರ, ಹೋಬಳಿ ಮತ್ತು ಪ್ರಾದೇಶಿಕ ಸಮತೋಲನ: ನಿಂಬರ್ಗಾದ ನೆಲೆಯಿಂದ ಒಂದು ವಿಚಾರ

ನಗರಾಭಿವೃದ್ಧಿಯನ್ನು ಕುರಿತ ಚರ್ಚೆಗಳಲ್ಲಿ ಗ್ರಾಮವು ಬಹುಮಟ್ಟಿಗೆ ನಗರದ ಅಂಚಿನ ಭೂಮಿಯಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಆಳಂದ ತಾಲ್ಲೂಕಿನ ಹೋಬಳಿ ಕೇಂದ್ರವಾದ ನಿಂಬರ್ಗಾದಿಂದ ನೋಡಿದಾಗ ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತದೆ.

ಬೆಂಗಳೂರು ಹಿಡಿದದ್ದು ವಿಲೀನದ ಮಾರ್ಗ. ನಗರ ಮತ್ತು ಗ್ರಾಮಗಳೆರಡನ್ನೂ ಒಳಗೊಂಡ ಯೋಜನೆಗಾಗಿ 1985ರಲ್ಲಿಯೇ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಂದಿತ್ತು. ಆದರೂ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆಗಳೊಡನೆ 110 ಹಳ್ಳಿಗಳು ಅದರೊಳಗೆ ಸೇರಿಹೋದವು. ಈ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತದ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಪಂಚಾಯಿತಿ ಹೋದದ್ದಕ್ಕೂ ನೀರು ಬಂದದ್ದಕ್ಕೂ ನಡುವೆ ಹದಿನೇಳು ವರ್ಷ!

ನಗರದಿಂದ ದೂರವಿರುವ ನಿಂಬರ್ಗಾಕ್ಕೆ ಇಂತಹ ವಿಲೀನದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಲಬುರಗಿ ಭಾಗದ ಮಾರ್ಗ ಅನುದಾನದ ಹಂಚಿಕೆಯದು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆಳಂದ, ಅಫಜಲಪುರ, ಜೇವರ್ಗಿಗಳು ಈ ಪಟ್ಟಿಗೆ ಸೇರಿದ್ದವು. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದ ಬಳಿಕ, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ನಗರವನ್ನಲ್ಲದೆ ತಾಲ್ಲೂಕನ್ನು ಅಳತೆಗೋಲಾಗಿಸಿದ್ದು ಸಮಿತಿಯ ದೊಡ್ಡ ಕೊಡುಗೆ. ಆದರೆ ಸರಾಸರಿಯೆಂಬುದು ತನ್ನೊಳಗಿನ ಏರುಪೇರನ್ನು ಮುಚ್ಚುತ್ತದೆ: ತಾಲ್ಲೂಕು ಕೇಂದ್ರದ ಆಸ್ಪತ್ರೆ, ಕಾಲೇಜುಗಳು ದೂರದ ಹೋಬಳಿಯ ಲೆಕ್ಕಕ್ಕೂ ಜಮೆಯಾಗುತ್ತವೆ.

ತೊಗರಿಯ ಉದಾಹರಣೆಯಲ್ಲಿ ಇದು ಸ್ಪಷ್ಟ. ಈ ಮೂರೂ ತಾಲ್ಲೂಕುಗಳ ಕಪ್ಪು ನೆಲದಲ್ಲಿ ತೊಗರಿ ಬೆಳೆಯುತ್ತದೆ. ದಾಲ್ ಮಿಲ್ಲುಗಳು ಹೆಚ್ಚಾಗಿ ಕಲಬುರಗಿ ನಗರದಲ್ಲಿವೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತರೂ ಕಾಳು ಬೇಳೆಯಾಗುವ ಹಂತದ ಗಳಿಕೆ ಹೊಲದ ಊರಿಗೆ ಮರಳುವುದು ಕಡಿಮೆ.

2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡದ್ದು ಇದಕ್ಕೆ ಹೊರತಾದ ನಡೆ. ಸಂಸ್ಥೆಯೇ ಗ್ರಾಮದ ಕಡೆಗೆ ಬಂದಿತು. ಹೋಬಳಿಗಳಲ್ಲಿ ನಾಡಕಚೇರಿ, ರೈತ ಸಂಪರ್ಕ ಕೇಂದ್ರಗಳ ಚೌಕಟ್ಟು ಆಗಲೇ ಇದೆ. ಗೋದಾಮು, ಸಣ್ಣ ಬೇಳೆ ಗಿರಣಿ, ತಾಂತ್ರಿಕ ತರಬೇತಿಗಳನ್ನು ಅದೇ ಹಂತಕ್ಕೆ ಇಳಿಸುವುದು ಹೊಸ ಪ್ರಾಧಿಕಾರವೊಂದನ್ನು ರಚಿಸುವುದಕ್ಕಿಂತ ಸುಲಭವೆಂಬುದು ಈ ಲೇಖಕನ ಅಭಿಪ್ರಾಯ. ಮಂಡಳಿಯ ವೆಚ್ಚವನ್ನು ಹೋಬಳಿವಾರು ಲೆಕ್ಕವಿಟ್ಟು ಪ್ರಕಟಿಸಿದಲ್ಲಿ, ತಮ್ಮ ಪಾಲು ಎಷ್ಟೆಂದು ಕೇಳಲು ನಿಂಬರ್ಗಾದ ಜನರಿಗೆ ಆಧಾರವೊಂದು ದೊರೆಯುತ್ತದೆ.