ಹಾಡದೆ ನಿಂತ ಮೂವರು ಮಕ್ಕಳು



ಶಾಲೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ನಿಮ್ಮ ಪಕ್ಕದ ಸಹಪಾಠಿ ಸುಮ್ಮನೆ ನಿಂತಿದ್ದರೆ ನಿಮಗೇನನ್ನಿಸುತ್ತದೆ? ಸಿಟ್ಟು ಬರಬಹುದು. ಇವನಿಗೆ ದೇಶಪ್ರೇಮವೇ ಇಲ್ಲ ಎನ್ನಿಸಬಹುದು. ಕೇರಳದ ಒಂದು ಶಾಲೆಯಲ್ಲಿ 1985ರಲ್ಲಿ ಇಂಥದೇ ಪ್ರಶ್ನೆ ಎದ್ದಿತು.

ಅಲ್ಲಿ ಓದುತ್ತಿದ್ದ ಒಂದೇ ಮನೆಯ ಮೂವರು ಮಕ್ಕಳು 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಗಡದವರು. ರಾಷ್ಟ್ರಗೀತೆಯ ವೇಳೆ ಎಲ್ಲರಂತೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ತಮ್ಮ ದೇವರ ಪ್ರಾರ್ಥನೆಯನ್ನು ಬಿಟ್ಟು ಬೇರಾವ ವಿಧಿಯಲ್ಲೂ ಸೇರಬಾರದೆಂಬುದು ಅವರ ನಂಬಿಕೆ. ವಿಷಯ ವಿಧಾನಸಭೆಯವರೆಗೂ ಹೋಯಿತು. ಮಕ್ಕಳು ಅಗೌರವ ತೋರಿಲ್ಲವೆಂದು ವಿಚಾರಣಾ ಆಯೋಗ ವರದಿ ಕೊಟ್ಟರೂ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟಿನಲ್ಲಿ ಪರಿಹಾರ ಸಿಗಲಿಲ್ಲ. ಕೊನೆಗೆ ಮಕ್ಕಳು ಸುಪ್ರೀಂ ಕೋರ್ಟಿನ ಮೊರೆ ಹೋದರು.

1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ.ಎಂ. ದತ್ತ ಅವರ ಪೀಠ ತೀರ್ಪು ನೀಡಿತು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಎದ್ದು ನಿಲ್ಲುವುದೇ ಗೌರವ. 1971ರ ಕಾಯಿದೆ ಶಿಕ್ಷಿಸುವುದು ಹಾಡುವವರನ್ನು ತಡೆಯುವವರನ್ನು, ಹಾಡುವ ಸಭೆಗೆ ಅಡ್ಡಿಪಡಿಸುವವರನ್ನು. ಸಂವಿಧಾನದ 19 ಮತ್ತು 25ನೆಯ ವಿಧಿಗಳು ಕೊಟ್ಟಿರುವ ಅಭಿವ್ಯಕ್ತಿ ಹಾಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಈ ಮಕ್ಕಳಿಗೂ ಉಂಟು. ಆದ್ದರಿಂದ ಅವರನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಬೇಕು ಎಂದು ಪೀಠ ಆದೇಶಿಸಿತು. ನಮ್ಮ ಪರಂಪರೆಯೂ ಸಂವಿಧಾನವೂ ಸಹಿಷ್ಣುತೆಯನ್ನೇ ಕಲಿಸುತ್ತವೆ, ಅದನ್ನು ತೆಳುವಾಗಿಸಬಾರದು ಎಂದೂ ನೆನಪಿಸಿತು.

ಇಲ್ಲೊಂದು ಅಂಶವನ್ನು ಗಮನಿಸಿ. ಆ ನಂಬಿಕೆ ಸರಿಯೆಂದು ನ್ಯಾಯಾಲಯ ಹೇಳಲಿಲ್ಲ, ನೀವೂ ಒಪ್ಪಬೇಕಾಗಿಲ್ಲ. ಅದು ಪ್ರಾಮಾಣಿಕವೇ, ಅದರಿಂದ ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಗಳಿಗೆ ಧಕ್ಕೆಯುಂಟೇ ಎಂಬುದಷ್ಟೇ ಪ್ರಶ್ನೆ. ಹಾಗೆಂದು ಸಹಿಷ್ಣುತೆಯ ಹೆಸರಿನಲ್ಲಿ ಅನ್ಯಾಯವನ್ನು ಸಹಿಸಬೇಕಾಗಿಯೂ ಇಲ್ಲ. ಯುನೆಸ್ಕೊ 1995ರ ನವೆಂಬರ್ 16ರಂದು ಅಂಗೀಕರಿಸಿದ ಸಹಿಷ್ಣುತೆಯ ಘೋಷಣೆಯೂ ಇದನ್ನೇ ಸ್ಪಷ್ಟಪಡಿಸಿದೆ.

ಹಲವು ಧರ್ಮ, ಹಲವು ಭಾಷೆಗಳ ನಮ್ಮ ನಾಡಿನಲ್ಲಿ ಈ ಪಾಠ ಪುಸ್ತಕದಿಂದಷ್ಟೇ ಬರುವುದಿಲ್ಲ. ಒಂದೇ ಬೆಂಚಿನಲ್ಲಿ ಕುಳಿತು ಕಲಿಯಬೇಕು. ನಮಗಿಂತ ಬೇರೆಯಾಗಿ ನಡೆಯುವ ಗೆಳೆಯನನ್ನು ಕಂಡಾಗ, ಅವನ ಮೇಲೆ ತೀರ್ಪು ಕೊಡುವ ಮೊದಲು "ಯಾಕೆ ಹೀಗೆ?" ಎಂದು ಅವನನ್ನೇ ಸ್ನೇಹದಿಂದ ಕೇಳಿ ನೋಡೋಣ. ಆ ಕಲಿಕೆ ಶುರುವಾಗುವುದು ಅಲ್ಲಿಂದಲೇ.